ಎರಡು ಸಲ ತಟ್ಟಿದರೆ

ಮೂರನೆಯ ಡ್ರಾಯರನ್ನು ಪೂರ್ತಿ ಹೊರಗೆಳೆದು ನೆಲದ ಮೇಲೆ ಬೋರಲು ಹಾಕಿದಾಗ ಲಕೋಟೆಗಳು ಜಾರಿ ಬೀರುವಿನ ಅಡಿಯವರೆಗೂ ಹೋದವು. ಎಪ್ಪತ್ತಾರು ವರ್ಷದ ಮೊಣಕಾಲು ಬೇಡ ಬೇಡ ಅಂದರೂ ಕೇಳದೆ ಅವರು ನೆಲಕ್ಕೆ ಕೂತು, ಒಂದೊಂದನ್ನೇ ಹೆಕ್ಕಿ, ಒಳಗಿನ ನೆಗೆಟಿವ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಲಕೋಟೆಯ ಮೇಲೆ ಅವರದೇ ದುಂಡು ಅಕ್ಷರ. ‘ಬೇಕರಿಯವರ ಎರಡನೆಯದು.’ ‘ಮಹಡಿ ಮನೆ, ಹಲ್ಲಿಲ್ಲದ್ದು.’ ‘ದರ್ಜಿಯ ಮಗ, ಕಚ್ಚುತ್ತೆ.’

ಗೋಡೆಯ ಆಚೆ, ಮುಂದಿನ ಕೋಣೆಯಲ್ಲಿ, ಯಾರೋ ಕುರ್ಚಿ ಎಳೆದ ಸದ್ದು. ಅಲ್ಲಿ ಮಂಚದ ಮೇಲೆ ಅವರ ಹೆಂಡತಿ ಮಲಗಿದ್ದಳು. ನಿನ್ನೆ ಸಂಜೆ ಆಸ್ಪತ್ರೆಯಿಂದ ತಂದು ಮಲಗಿಸಿದ್ದು. ಮೂರು ಗಂಟೆಗೆ ವಾಹನ ಬರುತ್ತದೆ.

“ಸಿಕ್ತಾ ಭಾವ?”

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಹೆಂಡತಿಯ ತಂಗಿ. ವಯಸ್ಸು ಐವತ್ತೆಂಟಾದರೂ ಈ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

“ನೋಡ್ತಾ ಇದೀನಿ.”

“ಬೆಳಿಗ್ಗೆಯಿಂದ ನೋಡ್ತಾನೇ ಇದೀರಿ. ಬಂದವರೆಲ್ಲ ತಲೆಹತ್ತಿರ ಒಂದು ಫೋಟೊ ಯಾಕಿಟ್ಟಿಲ್ಲ ಅಂತ ಕೇಳ್ತಿದಾರೆ. ಏನು ಹೇಳ್ಲಿ? ನಲವತ್ತು ವರ್ಷ ಫೋಟೊ ತೆಗೆದವರ ಮನೇಲಿ ಹೆಂಡ್ತಿದೊಂದು ಫೋಟೊ ಇಲ್ಲ ಅಂತ ಹೇಳ್ಲಾ? ನಾಳೆಯಿಂದ ನಾನೂ ಅವಳ ಮುಖ ನೋಡಬೇಕು ಅಂದ್ರೆ ಎಲ್ಲಿ ನೋಡ್ಲಿ ಭಾವ?”

ಪಕ್ಕದ ಮನೆಯ ದರ್ಜಿ ಪುಟ್ಟಿಯ ಹೆಗಲ ಮೇಲಿಂದ ಇಣುಕಿದ. ಅವನ ಕೈಯಲ್ಲಿ ತೀರಿಹೋದವಳ ಗುರುತಿನ ಚೀಟಿ ಇತ್ತು.

“ಇದನ್ನೇ ದೊಡ್ಡದು ಮಾಡಿಸಿಕೊಂಡು ಬರ್ಲಾ ಅಣ್ಣ? ಅರ್ಧ ಗಂಟೆ ಕೆಲಸ.”

ಪುಟ್ಟಿ ಅದನ್ನು ಕಿತ್ತುಕೊಂಡು ನೋಡಿದಳು. “ಇದು ನನ್ನಕ್ಕನಾ? ಸಿಕ್ಕಿಬಿದ್ದ ಕಳ್ಳಿ ಥರ ಇದಾಳೆ.”

“ಗುರುತಿನ ಚೀಟೀಲಿ ಯಾರು ತಾನೇ ಚೆನ್ನಾಗಿರ್ತಾರಮ್ಮ? ನಂದು ನೋಡಿ ನಮ್ಮನೆ ನಾಯೀನೇ ಬೊಗಳ್ತು.” ಹೇಳಿದ ಮೇಲೆ ಇದು ಎಂಥ ದಿನ ಅಂತ ನೆನಪಾಗಿ ದರ್ಜಿ ನಾಲಿಗೆ ಕಚ್ಚಿಕೊಂಡ.

ಪುಟ್ಟಿಯ ಫೋನಿನಲ್ಲಿ ಅಕ್ಕನ ಫೋಟೊ ಇರಲಿಲ್ಲವೆಂದಲ್ಲ. ಹನ್ನೊಂದು ಇದ್ದವು. ಒಂದರಲ್ಲಿ ಮುಖಕ್ಕೆ ತಟ್ಟೆ ಅಡ್ಡ, ಒಂದರಲ್ಲಿ ಟವೆಲು, ಮತ್ತೊಂದರಲ್ಲಿ ಪುಟ್ಟಿಯ ಮೊಮ್ಮಗುವಿನ ತಲೆಯ ಹಿಂದೆ ಬರೀ ಒಂದು ಕಿವಿ. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅಕ್ಕನ ಕೈ ತಾನಾಗಿಯೇ ಮುಖಕ್ಕೆ ಹೋಗುತ್ತಿತ್ತು. ಇನ್ನು ಮದುವೆಯದಾದರೂ ಇರಬೇಡವೇ ಎಂದರೆ, ಅದು ಇನ್ನೊಂದು ಕತೆ. ಊರಿಗೆಲ್ಲ ಆಗ ಇದ್ದದ್ದು ಒಬ್ಬನೇ ಫೋಟೊದವನು, ಆ ದಿನ ಅವನೇ ಮದುಮಗ.

“ನೀವೇ ಕಲಿಸಿದ್ದು,” ಎಂದಳು ಪುಟ್ಟಿ. “ಊರ ಮಕ್ಕಳಿಗೆಲ್ಲ ಅವಳನ್ನ ಕುರ್ಚಿ ಮಾಡಿದ್ರಿ. ಮುಚ್ಚಿ ಮುಚ್ಚಿ ಇಟ್ರಿ.”

ಅವರು ಮುಂದಿನ ಲಕೋಟೆಯನ್ನು ಕೈಗೆತ್ತಿಕೊಂಡರು. ಕಪ್ಪು ಮುಖದ, ಬಿಳಿ ಕಣ್ಣುಪಾಪೆಯ ಒಂದು ಮಗು ಕಿಟಕಿಯ ಬೆಳಕಿನಲ್ಲಿ ನಗುತ್ತಿತ್ತು. ಅದರ ಹಿಂದೆ, ಕುರ್ಚಿಯ ಮೇಲೆ, ದೊಡ್ಡದೊಂದು ಬಟ್ಟೆಯ ಗುಡ್ಡೆ.

* * *

ಮೊದಲು ಅವರಿಗೆ ಒಂದು ಸ್ಟುಡಿಯೊ ಇತ್ತು. ಕತ್ತಲ ಕೋಣೆ, ಕರಿ ಪರದೆ, ಮೂರು ಕಾಲಿನ ಮೇಲೆ ನಿಂತ ಒಂಟಿಕಣ್ಣಿನ ಪೆಟ್ಟಿಗೆ. ದೊಡ್ಡವರಿಗೇ ಅಲ್ಲಿ ಗಂಟಲು ಒಣಗುತ್ತಿತ್ತು, ಮಕ್ಕಳ ಪಾಡು ಕೇಳಬೇಕೆ. ಹೊಸ್ತಿಲು ದಾಟುವ ಮೊದಲೇ ರಾಗ ತೆಗೆಯುತ್ತಿದ್ದವು. “ಮಗು ನಮ್ಮಲ್ಲಿಗೆ ಬಂದ್ರೆ ಅಳುತ್ತೆ, ನಾವೇ ಮಗು ಹತ್ರ ಹೋದ್ರೆ?” ಎಂದು ಹೇಳಿದವಳು ಹೆಂಡತಿ. ಹಾಗೆ ಮನೆಮನೆಗೆ ಹೋಗುವ ಕೆಲಸ ಶುರುವಾಯಿತು. ಅವರು ಕ್ಯಾಮೆರಾ ಹಿಡಿದರೆ ಅವಳು ಸ್ಟ್ಯಾಂಡು ಹೊತ್ತಳು.

ಮೊದಲನೆಯ ಮನೆ ಒಬ್ಬ ಗುಮಾಸ್ತರದು. ಏಳು ತಿಂಗಳ ಹೆಣ್ಣುಮಗು. ಕುರ್ಚಿಯಲ್ಲಿ ಕೂರಿಸಿದರೆ ಹಿಟ್ಟಿನ ಚೀಲದ ಹಾಗೆ ಒಂದು ಕಡೆ ವಾಲಿಬಿಡುತ್ತಿತ್ತು. ತಾಯಿ ಹಿಡಿದುಕೊಂಡರೆ ಅವಳ ಕೈಯೇ ನಡುಗಿ, ಮಗುವೂ ನಡುಗಿ, ಎರಡು ಫಿಲಂ ದಂಡವಾದವು. ಗುಮಾಸ್ತರು ಗಡಿಯಾರ ನೋಡತೊಡಗಿದರು.

“ರೀ, ನಾನು ಕೂತ್ಕೊಳ್ಳಲಾ?”

“ನೀನು ಬಿದ್ರೆ ಫೋಟೊ ಕೆಡುತ್ತೆ ಕಣೇ.”

“ನಾನೆಲ್ಲಿ ಬೀಳ್ತೀನಿ? ನನ್ನ ಮೇಲೆ ಏನಾದ್ರೂ ಹೊದೆಸಿ.”

ಕುರ್ಚಿಯಲ್ಲಿ ಅವಳು ಕೂತಳು. ಸ್ಟ್ಯಾಂಡಿಗೆ ಸುತ್ತಿ ತಂದಿದ್ದ ಕಂದು ಹೊದಿಕೆಯನ್ನು ಅವಳ ತಲೆಯಿಂದ ಪಾದದವರೆಗೂ ಹೊದಿಸಿ, ಮಡಿಲಿನ ಮೇಲೆ ಮಗುವನ್ನು ಕೂರಿಸಿದರು. ಬಟ್ಟೆಯ ಒಳಗಿನಿಂದ ಎರಡು ಕೈ ಮಗುವಿನ ಸೊಂಟ ಹಿಡಿದವು. ಮಗು ಒಂದು ಸಲ ಹಿಂದೆ ತಿರುಗಿ ನೋಡಿತು, ಈ ಕುರ್ಚಿ ಉಸಿರಾಡುತ್ತಿದೆಯಲ್ಲ ಎಂಬಂತೆ. ಆಮೇಲೆ ಆರಾಮಾಗಿ ಒರಗಿಕೊಂಡಿತು.

ಅವರು ನಾಲ್ಕು ಹೆಜ್ಜೆ ದೂರ ನಿಂತು, ಕ್ಯಾಮೆರಾದಿಂದ ಇಳಿಬಿದ್ದ ಕೊಳವೆಯ ತುದಿಯ ರಬ್ಬರ್ ಉಂಡೆಯನ್ನು ಅಂಗೈಯಲ್ಲಿ ಹಿಡಿದು, “ಇಲ್ನೋಡು, ಇಲ್ನೋಡು, ಇಲ್ನೋಡು” ಎಂದು ಕುಣಿದರು. ಉಂಡೆಯನ್ನು ಅಮುಕಿ ಫೋಟೊ ತೆಗೆಯಬೇಕು ಅನ್ನುವಷ್ಟರಲ್ಲಿ ಬಟ್ಟೆಯೊಳಗಿಂದ ಕುರ್ಚಿಯ ಕೈಯ ಮೇಲೆ ಒಂದು ಸಲ ಟಕ್ ಎಂದಿತು. ಅವರು ತಡೆದರು. ಅದೇ ಗಳಿಗೆಗೆ ಮಗು ಸೀನಿತು. ಮೂಗೊರೆಸಿ, ಸಮಾಧಾನವಾಗಿ, ಮಗು ಇನ್ನೇನು ನಗಬೇಕು ಅನ್ನುವಾಗ ಮತ್ತೆ ಸದ್ದು ಬಂತು. ಟಕ್, ಟಕ್. ಈ ಸಲ ಅಮುಕಿದರು.

ಆ ಫೋಟೊ ನೋಡಿದವರೆಲ್ಲ ಅವರ ಕೈಗುಣವನ್ನು ಹೊಗಳಿದರು.

“ಸೀನುತ್ತೆ ಅಂತ ಹೇಗೆ ಗೊತ್ತಾಯ್ತೆ ನಿನಗೆ? ನಿನಗೆ ಮುಖಾನೇ ಕಾಣಲ್ಲ.”

“ಬೆನ್ನು ಹೇಳುತ್ತೆ ರೀ. ಅಳೋಕೆ ಮುಂಚೆ ಗಟ್ಟಿಯಾಗುತ್ತೆ. ನಗೋಕೆ ಮುಂಚೆ ಸಡಿಲ ಬಿಡುತ್ತೆ.”

ಅಂದಿನಿಂದ ಅದೇ ಕಟ್ಟಳೆಯಾಯಿತು. ಒಂದು ಸಲ ತಟ್ಟಿದರೆ ತಡೀರಿ. ಎರಡು ಸಲ ತಟ್ಟಿದರೆ ಈಗ. ನಲವತ್ತು ವರ್ಷ ಅವರು ಕಣ್ಣಿನಿಂದ ಫೋಟೊ ತೆಗೆದವರೇ ಅಲ್ಲ. ಕಿವಿಯಿಂದ ತೆಗೆದವರು. ಇದು ಊರಿಗೆ ಗೊತ್ತಿರಲಿಲ್ಲ. ಮಕ್ಕಳು ಅವರಿಗೆ ‘ಇಲ್ನೋಡು ಮಾಮ’ ಎಂದು ಹೆಸರಿಟ್ಟರು, ದೊಡ್ಡವರೂ ಹಾಗೆಯೇ ಕರೆದರು. ಅವಳಿಗೆ ಯಾವ ಮಗುವೂ ಹೆಸರಿಡಲಿಲ್ಲ. ನೋಡಿದ್ದರೆ ತಾನೇ.

ಮನೆಗೂ ಆ ಭಾಷೆ ಬಂತು. ಮೊದಲೇ ಇಬ್ಬರೂ ಮಾತು ಕಡಿಮೆಯವರು, ಮಕ್ಕಳಿಲ್ಲದ ಮನೆ ಬೇರೆ. ಅಡುಗೆಮನೆಯಿಂದ ಪಾತ್ರೆಯ ಮೇಲೆ ಎರಡು ಸಲ ತಟ್ಟಿದರೆ ಊಟ ತಯಾರು. ಬಚ್ಚಲ ಬಾಗಿಲಿನ ಒಳಗಿಂದ ಒಂದು ಸಲ ತಟ್ಟಿದರೆ, ತಡೀರಿ, ಇನ್ನೂ ಆಗಿಲ್ಲ.

* * *

ಹನ್ನೊಂದೂವರೆಗೆ ಬೇಕರಿಯಮ್ಮ ಬಂದರು. ಕೈಯಲ್ಲಿ ಹೂವು, ಜೊತೆಗೆ ಎರಡನೆಯ ಮಗ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಆಳು, ಬಸ್ಸು ಓಡಿಸುತ್ತಾನೆ. ಅವನ ಕಂಕುಳಲ್ಲಿ ಗೋಡೆಯಿಂದ ಇಳಿಸಿ ತಂದ ಚೌಕಟ್ಟು.

“ಹೇಗಾಯ್ತು ಫೋಟೊದವರೇ? ಹೋದ ವಾರ ಮಾರ್ಕೆಟ್ಟಲ್ಲಿ ಸಿಕ್ಕಿದ್ರಲ್ಲ. ಕೈ ನಡುಗುತ್ತೆ ಅಂತಿದ್ರು, ಅಷ್ಟೆ.”

“ಎದೆ ನೋವು ಅಂದ್ಲು. ಎರಡೇ ದಿನ,” ಎಂದರು ಅವರು, ಹಿಂದಿನ ಕೋಣೆಯಿಂದ ಎದ್ದುಬಂದು.

ಬೇಕರಿಯಮ್ಮ ಮಂಚದ ಪಕ್ಕ ಕುರ್ಚಿ ಎಳೆದು ಕೂತು ಸ್ವಲ್ಪ ಹೊತ್ತು ಆ ಮುಖವನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಹೇಳುವಂತೆ ಶುರು ಮಾಡಿದರು. ಅವರು ಒಬ್ಬರಿಗೆ ಅಂತ ಹೇಳುವವರೇ ಅಲ್ಲ.

“ಇವನ ಫೋಟೊ ತೆಗೆದ ದಿನ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇವರು ಕ್ಯಾಮೆರಾ ಪೆಟ್ಟಿಗೆ ಕಟ್ತಾ ಇದ್ರು. ಆಯಮ್ಮ ಬಟ್ಟೆಯೊಳಗಿಂದ ಹೊರಗೆ ಬಂದ್ರು. ಬೆವರಲ್ಲಿ ಕೂದಲೆಲ್ಲ ಹಣೆಗೆ ಅಂಟಿಕೊಂಡಿತ್ತು. ಒಂದು ಲೋಟ ನೀರು ಕೇಳಿ ಕುಡಿದು, ನನ್ನ ಅಡುಗೆಮನೆಗೆ ಕರೆದ್ರು. ಮೆಲ್ಲಗೆ ಹೇಳಿದ್ರು, ‘ಮಗೂನ ಎಡಗಿವಿ ಡಾಕ್ಟರಿಗೆ ತೋರಿಸಿ. ಬಲಗಡೆಯಿಂದ ಕರೆದ್ರೆ ಬೆನ್ನು ತಿರುಗುತ್ತೆ, ಎಡಗಡೆಯಿಂದ ಕರೆದ್ರೆ ಅಲುಗಾಡಲ್ಲ’ ಅಂತ. ನಾನು ಹೆತ್ತೋಳು, ನಂಗೇ ಗೊತ್ತಾಗಿರಲಿಲ್ಲ. ತೋರಿಸಿದ್ವಿ. ಒಳಗೆಲ್ಲ ಕೀವು. ಇನ್ನೊಂದು ತಿಂಗಳು ಬಿಟ್ಟಿದ್ರೆ ಕಿವಿ ಹೋಗ್ತಿತ್ತು ಅಂದ್ರು ಡಾಕ್ಟರು.”

ಇಲ್ನೋಡು ಮಾಮ ತಲೆಯೆತ್ತಿದರು. “ನಂಗೆ ಹೇಳೇ ಇಲ್ಲ ಅವಳು.”

“ನಿಮಗೆ ಯಾಕೆ ಹೇಳ್ತಾರೆ? ನೀವು ಪೆಟ್ಟಿಗೆ ಕಟ್ತಾ ಇದ್ರಲ್ಲ.”

ಬೇಕರಿಯಮ್ಮ ಅದನ್ನು ಚುಚ್ಚಲೆಂದು ಹೇಳಲಿಲ್ಲ. ಆದರೆ ಅದು ಹೋಗಿ ಎಲ್ಲಿ ಕೂರಬೇಕೋ ಅಲ್ಲಿ ಕೂತಿತು.

ಮಗ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತನ್ನನ್ನೇ ನೋಡಿಕೊಳ್ಳುತ್ತಿದ್ದ. ದುಂಡು ಕೆನ್ನೆಯ ಒಂಬತ್ತು ತಿಂಗಳ ಮಗು, ಹಿಂದೆ ಬಟ್ಟೆಯ ಗುಡ್ಡೆ. “ಮಾಮ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಮೂವತ್ತಾರು ವರ್ಷ ಇದು ನಮ್ಮನೆ ಗೋಡೆ ಮೇಲಿತ್ತು. ನಾನು ಇದನ್ನ ಸೋಫಾ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಮ್ಮ ಹೇಳಿದ ಮೇಲೇನೇ...” ಅಷ್ಟು ದೊಡ್ಡ ಆಳು ಅಂಗೈಯಿಂದ ಮೂಗು ಒರೆಸಿಕೊಂಡ.

“ನನ್ನ ಮಗ ಆ ಸೋಫಾನ ಕಚ್ಚಿದ್ದ,” ಎಂದ ದರ್ಜಿ ಮೂಲೆಯಿಂದ. “ರಕ್ತ ಬಂದಿತ್ತು. ಸೋಫಾ ಉಸಿರೆತ್ತಲಿಲ್ಲ.”

ಪುಟ್ಟಿ ಚೌಕಟ್ಟನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಗಾಜಿನ ಮೇಲೆ ಉಸಿರೂದಿ ಒರೆಸಿದಳು. ಬಟ್ಟೆಯ ಅಂಚು ಕುರ್ಚಿಯ ಕೈಯ ಮೇಲೆ ಬಿದ್ದ ಕಡೆ ಒಂದು ಹೆಬ್ಬೆರಳು ಹೊರಗೆ ಉಳಿದಿತ್ತು. ಉಗುರು ಎರಡಾಗಿ ಸೀಳಿತ್ತು.

“ಅಕ್ಕ,” ಎಂದಳು. ಆಮೇಲೆ ಯಾರನ್ನೂ ನೋಡದೆ, “ನಾನು ಆರು ವರ್ಷದವಳು, ಸಿಟ್ಟಲ್ಲಿ ಬಾಗಿಲು ಹಾಕಿದ್ದೆ. ಇವಳ ಬೆರಳು ಸಿಕ್ಕಿಕೊಂಡಿತು. ಬೈಲಿಲ್ಲ ನನ್ನ. ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ಲು.”

ಚೌಕಟ್ಟನ್ನು ತಂದು ಅಕ್ಕನ ತಲೆಯ ಬಳಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಸತ್ತವಳ ತಲೆಯ ಬಳಿ ಬೇಕರಿಯ ಮಗು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಪುಟ್ಟಿ ಅದನ್ನು ಮತ್ತೆ ಎತ್ತಿ ಆ ದೊಡ್ಡ ಆಳಿನ ಕೈಗೇ ಕೊಟ್ಟಳು.

“ಬೆರಳು ಸಾಲಲ್ಲಪ್ಪ,” ಎಂದಳು.

* * *

ಅವರು ಮತ್ತೆ ಹಿಂದಿನ ಕೋಣೆಗೆ ಬಂದು ನಾಲ್ಕನೆಯ ಡ್ರಾಯರು ಎಳೆದರು. ಹುಡುಕುತ್ತಿದ್ದದ್ದು ಒಂದೇ ಒಂದನ್ನು. ‘ಅಂಚೆಯವರ ಅವಳಿ.’

ಅದು ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಹೆಂಡತಿಯ ಎರಡು ತೊಡೆಯ ಮೇಲೆ ಎರಡು ಮಕ್ಕಳು, ಒಂದಕ್ಕಿಂತ ಒಂದು ಜೋರು. ಬಟ್ಟೆಯ ಒಳಗೇ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು. ಟಕ್, ಟಕ್ ಎಂದಿತು. ಅವರು ಉಂಡೆ ಅಮುಕುವ ಹೊತ್ತಿಗೆ ಸರಿಯಾಗಿ ಒಂದು ಮಗು ಬಟ್ಟೆಯನ್ನು ಹಿಡಿದು ಜಗ್ಗಿತು. ಹೊದಿಕೆ ಪೂರ್ತಿ ಜಾರಿತು.

ಆಮೇಲೆ ಇನ್ನೊಂದು ತೆಗೆದರು, ಅದು ಚೆನ್ನಾಗಿ ಬಂತು, ಅಂಚೆಯವರು ಮೂರು ಪ್ರತಿ ಮಾಡಿಸಿಕೊಂಡರು. ಆದರೆ ಕತ್ತಲ ಕೋಣೆಯಲ್ಲಿ, ತಟ್ಟೆಯ ನೀರಿನೊಳಗೆ, ಮೊದಲನೆಯದೇ ಮೊದಲು ಕಣ್ಣು ತೆರೆಯಿತು. ಒಂದು ಮಗು ಬರೀ ಹೊಗೆಯ ಹಾಗೆ. ಇನ್ನೊಂದರದು ತಲೆಯ ಹಿಂಭಾಗ. ನಡುವೆ ಅವಳು. ಕೆದರಿದ ಕೂದಲು, ಬೆವರಿದ ಹಣೆ, ಬಾಯಿ ತುಂಬ ನಗು. ಮನೆಯಲ್ಲಿ ಅವರು ಎಂದೂ ನೋಡಿರದ ನಗು. ತಟ್ಟೆಯನ್ನು ಅಲುಗಾಡಿಸುತ್ತ ಅವರು ಬಹಳ ಹೊತ್ತು ನಿಂತಿದ್ದರು. ಆಮೇಲೆ, ಕೆಟ್ಟ ಫಿಲಂ ಮನೆಯಲ್ಲಿ ಇಡಬಾರದೆಂಬುದು ಅವರದೇ ನಿಯಮವಲ್ಲವೇ, ಅದನ್ನೂ ಅದರ ಫಿಲಮ್ಮನ್ನೂ ಕತ್ತರಿಸಿ ಡಬ್ಬಕ್ಕೆ ಹಾಕಿದರು. ಶನಿವಾರ ಆ ಡಬ್ಬಕ್ಕೆ ಬೆಂಕಿ.

“ಆ ಮೊದಲನೇದು ಏನಾಯ್ತು ರೀ?”

“ಕೆಟ್ಟೋಯ್ತು.”

“ಪೂರ್ತಿ?”

“ಮಕ್ಕಳೆರಡೂ ಅಲುಗಾಡಿಬಿಟ್ಟಿದಾವೆ.”

“ನಾನು?”

ಅವರು ಕೈ ತೊಳೆಯುತ್ತಿದ್ದರು. “ಗಮನಿಸಲಿಲ್ಲ,” ಎಂದರು.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ತಮ್ಮನ್ನೇ ಕೇಳಿಕೊಂಡಿದ್ದರು. ಚೆನ್ನಾಗಿ ಬಂದಿದ್ದೀಯ ಅನ್ನಲು ನಾಚಿಕೆಯಾಯಿತೋ, ಚೆನ್ನಾಗಿ ಬಂದದ್ದನ್ನು ಡಬ್ಬಕ್ಕೆ ಹಾಕಿದೆ ಅನ್ನಲು ಬಾಯಿ ಬರಲಿಲ್ಲವೋ. ಅವಳು “ಹೂಂ” ಎಂದು ಒಳಗೆ ಹೋದಳು. ಆ ದಿನ ಊಟಕ್ಕೆ ಪಾತ್ರೆ ತಟ್ಟಲಿಲ್ಲ. ಬಾಗಿಲಲ್ಲಿ ಬಂದು ನಿಂತು, “ಊಟಕ್ಕೆ ಬನ್ನಿ” ಎಂದು ಬಾಯಿಬಿಟ್ಟು ಕರೆದಳು. ಮಾರನೆಯ ದಿನ ಎಲ್ಲ ಮೊದಲಿನಂತೆಯೇ ಆಯಿತು.

ಸುಟ್ಟದ್ದು ತಾವೇ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೂದಿಯನ್ನು ಗಿಡದ ಬುಡಕ್ಕೆ ಹಾಕಿದ್ದೂ ನೆನಪಿತ್ತು. ಆದರೂ ‘ಅಂಚೆಯವರ ಅವಳಿ’ ಸಿಕ್ಕಿದಾಗ ಲಕೋಟೆಯನ್ನು ಬುಡಮೇಲು ಮಾಡಿ ಕೊಡವಿದರು. ಒಳಗೆ ಒಂದೇ ನೆಗೆಟಿವ್ ಇತ್ತು. ಎರಡು ಮಕ್ಕಳು ನೆಟ್ಟಗೆ ಕೂತಿದ್ದವು, ಹಿಂದೆ ಗುಡ್ಡೆ.

* * *

ಎರಡೂವರೆಗೆ ಪುಟ್ಟಿ ಬಂದು ಬಾಗಿಲು ಮುಂದೆ ಮಾಡಿದಳು. ಬೆಳಗಿನ ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ.

“ಭಾವ, ಕ್ಯಾಮೆರಾ ಎಲ್ಲಿದೆ?”

“ಯಾಕೆ?”

“ಈಗ ತೆಗೀರಿ. ಇನ್ನು ಅರ್ಧ ಗಂಟೆ ಇದೆ.”

“ಈಗ ಹೇಗೆ ಪುಟ್ಟಿ...”

“ನಾನು ಫೋನಲ್ಲಿ ತೆಗೆದು ನೋಡ್ದೆ. ಹೆಣದ ಹಾಗೇ ಬಂತು. ಅಳಿಸಿಬಿಟ್ಟೆ. ನೀವು ತೆಗೀರಿ. ಅಳೋ ಮಕ್ಕಳೆಲ್ಲ ನಿಮ್ಮ ಕೈಲಿ ನಕ್ಕವು. ಅವಳ ಮುಖ ಅವಳ ಮುಖದ ಹಾಗೆ ಬಂದ್ರೆ ಸಾಕು ನಂಗೆ.”

“ನನ್ನ ಕೈಲಿ ಏನೂ ಇರಲಿಲ್ಲ ಕಣಮ್ಮ,” ಎಂದರು ಅವರು. ನೆಲದ ಮೇಲೆ, ಲಕೋಟೆಗಳ ನಡುವೆ ಕೂತೇ ಇದ್ದರು. “ಅವಳ ಕೈ ನಡುಗೋಕೆ ಶುರುವಾದ ಮೇಲೆ ಎರಡು ಮನೆಗೆ ಒಬ್ಬನೇ ಹೋಗಿದ್ದೆ. ಒಂದೂ ಸರಿ ಬರಲಿಲ್ಲ. ಯಾವಾಗ ಅಮುಕಬೇಕು ಅಂತಾನೇ ಗೊತ್ತಾಗಲಿಲ್ಲ. ಅದಕ್ಕೇ ನಿಲ್ಲಿಸಿದ್ದು. ಕಣ್ಣು ಮಂಜಾಯ್ತು ಅಂತ ಎಲ್ಲರಿಗೂ ಸುಳ್ಳು ಹೇಳ್ದೆ.”

ಪುಟ್ಟಿ ಅವರ ಎದುರಿಗೇ ನೆಲದ ಮೇಲೆ ಕೂತಳು. ಒಂದು ಲಕೋಟೆ ಎತ್ತಿ, ಓದಿ, ಕೆಳಗಿಟ್ಟಳು. ನಿನ್ನೆಯಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದಳು.

“ಕೊನೇಗೆ ಏನಾದ್ರೂ ಹೇಳಿದ್ಲಾ ಭಾವ?”

“ಮಾತಾಡೋಕೆ ಎಲ್ಲಿ ಆಗ್ತಿತ್ತು? ಮೂಗು ಬಾಯಿ ಮೇಲೆಲ್ಲ ಆ ಮಾಸ್ಕು.” ಕೈಯಲ್ಲಿದ್ದ ಲಕೋಟೆಯನ್ನು ಮುಚ್ಚಿ, “ತಟ್ಟಿದ್ಲು,” ಎಂದರು.

“ಎಲ್ಲಿ?”

“ಮಂಚದ ಕಂಬಿ ಮೇಲೆ. ಹೆಬ್ಬೆರಳಲ್ಲಿ.”

ಪುಟ್ಟಿಗೆ ಆ ಮನೆಯ ಭಾಷೆ ಗೊತ್ತಿತ್ತು. ಬಚ್ಚಲ ಬಾಗಿಲ ಹೊರಗೆ ಟವೆಲು ಹಿಡಿದು ಅವಳೂ ಕಾದು ನಿಂತವಳೇ.

“ಎಷ್ಟು ಸಲ?”

“ಒಂದು.”

ಹೊರಗೆ ದರ್ಜಿ ಯಾರಿಗೋ ದಾರಿ ಹೇಳುತ್ತಿದ್ದ. ಎಡಕ್ಕೆ ತಿರುಗಿ, ನೀಲಿ ಗೇಟು.

“ನೀವು ಕಾದ್ರಿ,” ಎಂದಳು ಪುಟ್ಟಿ.

“ಕಾದೆ. ಅಲುಗಾಡದೆ ಕೂತಿದ್ದೆ. ಎರಡನೇದು ಬರುತ್ತೆ ಅಂತ. ನರ್ಸು ಬಂದು ಬೈದ್ಲು, ಗಂಟೆ ಒತ್ತೋಕೇನಾಗಿತ್ತು ತಾತ, ಪಕ್ಕದಲ್ಲೇ ಇತ್ತಲ್ಲ ಅಂತ. ಇತ್ತು. ಕೈಗೆ ಎಟುಕೋ ಹಾಗೇ ಇತ್ತು.”

ಪುಟ್ಟಿ ಎದ್ದು ಬೀರು ತೆರೆದು, ಮೇಲಿನ ಹಲಗೆಯಿಂದ ಕ್ಯಾಮೆರಾ ಪೆಟ್ಟಿಗೆಯನ್ನು ತಾನೇ ಇಳಿಸಿದಳು. ಅದರ ಕೆಳಗೆ ನಾಲ್ಕಾಗಿ ಮಡಿಸಿಟ್ಟ ಕಂದು ಹೊದಿಕೆ ಇತ್ತು. ಅದನ್ನು ಮುಟ್ಟದೆ ಬಾಗಿಲು ಮುಚ್ಚಿದಳು.

“ಬನ್ನಿ,” ಎಂದು ಕೈ ನೀಡಿದಳು. “ಏಳಿ ಭಾವ.”

ಮುಂದಿನ ಕೋಣೆಯಲ್ಲಿ ಜನ ಗೋಡೆಗೆ ಸರಿದು ಜಾಗ ಬಿಟ್ಟರು. ಬೇಕರಿಯ ಮಗ ಕಿಟಕಿಯ ಪರದೆಯನ್ನು ಎತ್ತಿ ಹಿಡಿದ. ಅಷ್ಟು ಎತ್ತರ ಅಂದು ಒಂದು ಕೆಲಸಕ್ಕೆ ಬಂತು. ಸ್ಟ್ಯಾಂಡಿನ ಮೂರು ಕಾಲುಗಳನ್ನು ಬಿಡಿಸಿದವನು ದರ್ಜಿ. ಮಂಚದಿಂದ ನಾಲ್ಕು ಹೆಜ್ಜೆ. ಅವರು ಎಣಿಸಲಿಲ್ಲ, ಕಾಲಿಗೇ ಗೊತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಒಂದೇ ರೋಲನ್ನು ಹಾಕಿ, ಕೊಳವೆ ಸಿಕ್ಕಿಸಿ, ಬಗ್ಗಿ ನೋಡಿದರು. ಗಾಜಿನಲ್ಲಿ ಅವಳ ಮುಖ ಬಂತು. ಮೇಲೆ ಬಟ್ಟೆಯಿಲ್ಲ, ಅಡ್ಡ ತಟ್ಟೆಯಿಲ್ಲ, ಮಡಿಲಿನಲ್ಲಿ ಮಗುವಿಲ್ಲ. ಅವಳನ್ನು ಆ ಗಾಜಿನಲ್ಲಿ ಹೀಗೆ ಒಬ್ಬಳನ್ನೇ ಅವರು ನೋಡಿದ್ದು ಅದೇ ಮೊದಲು.

“ಪುಟ್ಟಿ,” ಎಂದರು, ಬಗ್ಗಿಕೊಂಡೇ. “ಬಲಗೈ ಹೊರಗಿಡಮ್ಮ.”

ಪುಟ್ಟಿ ಬಿಳಿ ಬಟ್ಟೆಯನ್ನು ಸರಿಸಿ ಅಕ್ಕನ ಬಲಗೈಯನ್ನು ಎತ್ತಿ, ಮಂಚದ ಮರದ ಅಂಚಿನ ಮೇಲಿಟ್ಟಳು. ಸೀಳಿದ ಉಗುರಿನ ಹೆಬ್ಬೆರಳು ಮರವನ್ನು ಮುಟ್ಟಿಕೊಂಡು ನಿಂತಿತು.

ಅವರು ನೆಟ್ಟಗಾಗಿ ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತರು. “ಇಲ್ನೋಡು,” ಎಂದರು. ಯಾರೂ ನಗಲಿಲ್ಲ. ಬೇಕರಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದರು.

ಬಾಗಿಲಲ್ಲಿ ವಾಹನದ ಚಾಲಕ ಕಾಣಿಸಿಕೊಂಡ. ಟೋಪಿ ತೆಗೆದು, “ಮೂರಾಯ್ತು, ಹೊರಡೋಣ್ವಾ?” ಎಂದು ಯಾರನ್ನು ಕೇಳಬೇಕೆಂದು ತಿಳಿಯದೆ ಎಲ್ಲರನ್ನೂ ಕೇಳಿದ.

“ತಡಿಯಪ್ಪ,” ಎಂದಳು ಪುಟ್ಟಿ.

ಪರದೆ ಹಿಡಿದ ಕೈ ನೋಯುತ್ತಿದ್ದರೂ ಆ ದೊಡ್ಡ ಆಳು ಇಳಿಸಲಿಲ್ಲ. ಇಲ್ನೋಡು ಮಾಮ ಕಣ್ಣು ಮುಚ್ಚಿ, ಬಲಗಿವಿಯನ್ನು ಮಂಚದ ಕಡೆ ವಾಲಿಸಿ ನಿಂತಿದ್ದರು. ಅವರ ಅಂಗೈಯಲ್ಲಿ ರಬ್ಬರ್ ಉಂಡೆ ಇನ್ನೂ ದುಂಡಗೆ, ಉಬ್ಬಿಕೊಂಡೇ ಇತ್ತು.